ಉಲ್ಟಾ ಸಾವಧಾನ್

ಕಾಲು ಜಾರುವುದರ ಬಗ್ಗೆ ನನಗೆ ಯಾವತ್ತೂ ಒಳ್ಳೆಯ ಅಭಿಪ್ರಾಯ ಇರಲಿಲ್ಲ. ಕನ್ನಡದಲ್ಲಿ ಆ ಮಾತಿಗೆ ಇರುವ ಎರಡು ಅರ್ಥಗಳಲ್ಲಿ ಯಾವುದನ್ನು ಹಿಡಿದರೂ ಅದು ಮರ್ಯಾದಸ್ಥರಿಗೆ ಹೇಳಿಸಿದ್ದಲ್ಲ. ನೀತಿಯ ಅರ್ಥದಲ್ಲಿ ಜಾರುವುದಕ್ಕೆ ನನ್ನ ದಿನಚರಿಯಲ್ಲಿ ಬಿಡುವೇ ಇರಲಿಲ್ಲ. ಬಚ್ಚಲಿನ ಅರ್ಥದಲ್ಲಿ ಜಾರದಂತೆ ಮನೆಯವರು ರಬ್ಬರಿನ ಚಾಪೆ ಹಾಸಿದ್ದಾರೆ, ಗೋಡೆಗೆ ಕಂಬಿ ಹೊಡೆಸಿದ್ದಾರೆ. ನೌಕರಿಯಿಂದ ನಿವೃತ್ತನಾದ ಮನುಷ್ಯನಿಗೆ ಊರಿಗೆ ಊರೇ ಕೊಡುವ ಒಂದೇ ಸಲಹೆ ಎಂದರೆ "ಹುಷಾರು, ಜಾರೀತು" ಎನ್ನುವುದು. ಹೀಗಿರುವಾಗ, ಜಾರುವುದನ್ನೇ ಒಂದು ವಿದ್ಯೆ ಎಂದು ಒಪ್ಪಿಕೊಂಡು, ಅದನ್ನು ಇನ್ನೊಬ್ಬರಿಗೆ ಹೇಳಿಕೊಡುವ ಕೆಲಸಕ್ಕೆ ಪರೀಕ್ಷೆ ಕಟ್ಟುವ ಹುಡುಗಿಯೊಬ್ಬಳು ನನ್ನ ಮನೆಯಲ್ಲೇ ಹುಟ್ಟಿಕೊಂಡಾಳು ಎಂದು ನಾನು ಎಣಿಸಿರಲಿಲ್ಲ. ಅವಳ ಮೊದಲ ಶಿಷ್ಯ ನಾನೇ ಆಗುತ್ತೇನೆ ಎಂದಂತೂ ಕನಸಿನಲ್ಲೂ ಎಣಿಸಿರಲಿಲ್ಲ.

ನಾನು ಗುಂಡ್ಲುಪೇಟೆಯ ಒಂದು ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವನು. ಈಗಲೂ ಊರಲ್ಲಿ ನನ್ನ ಹೆಸರು ಹೇಳಿ ಮನೆ ಕೇಳಿದರೆ ಯಾರೂ ತೋರಿಸುವುದಿಲ್ಲ. "ಡ್ರಿಲ್ ಮೇಷ್ಟ್ರ ಮನೆ" ಎಂದರೆ ನಾಯಿಗಳೂ ದಾರಿ ಬಿಡುತ್ತವೆ. ಕೋಳಿ ಕೂಗುವ ಮೊದಲೇ ಏಳುತ್ತೇನೆ, ಊಟಿ ರಸ್ತೆಯಲ್ಲಿ ಚುರುಕಾಗಿ ನಡೆದು ಬರುತ್ತೇನೆ, ಪೇಪರು ಓದಿ ಮುಗಿಸಿದ ಮೇಲೆ ಅದು ಅಂಗಡಿಯಿಂದ ಬಂದಾಗ ಹೇಗಿತ್ತೋ ಹಾಗೆಯೇ ಮಡಿಸಿಡುತ್ತೇನೆ. ಟವೆಲುಗಳು ಎತ್ತರದ ಪ್ರಕಾರ ನೇತಾಡುತ್ತವೆ. ನನ್ನ ಹೆಂಡತಿ ಗೌರಮ್ಮ ಮನೆಗೆ ಬಂದ ನೆಂಟರಿಗೆಲ್ಲ ಹೇಳುವುದುಂಟು: "ಚಪ್ಪಲಿ ಬಾಗಿಲಲ್ಲಿ ಹೇಗಾದ್ರೂ ಬಿಟ್ಬಿಡಿ, ನೀವು ಕಾಫಿ ಕುಡಿಯೋ ಹೊತ್ತಿಗೆ ಅವು ಲೈನಲ್ಲಿ ನಿಂತಿರ್ತವೆ." ಇದನ್ನು ಆಕೆ ಹೊಗಳಿಕೆಯ ಧ್ವನಿಯಲ್ಲಿ ಹೇಳುವುದಿಲ್ಲ. ನಾನು ಹೊಗಳಿಕೆ ಎಂದೇ ಸ್ವೀಕರಿಸುತ್ತೇನೆ.

ಮಗಳು ಶಶಿಕಲಾ ಮದುವೆಯಾಗಿ ಚಾಮರಾಜನಗರದಲ್ಲಿದ್ದಾಳೆ. ಅವಳ ಮಗಳು ಸಿಂಚನ ಹೈಸ್ಕೂಲನ್ನು ನಮ್ಮ ಮನೆಯಲ್ಲೇ ಇದ್ದುಕೊಂಡು ಓದಿದವಳು. ಆದ್ದರಿಂದ ಎದ್ದು ನಿಲ್ಲುವುದು, ಎದೆ ಎತ್ತಿ ನಡೆಯುವುದು, ಒಂದು ಮೈಲಿಗೆ ಕೇಳುವಂತೆ ಉತ್ತರ ಕೊಡುವುದು ಎಲ್ಲ ಅವಳಿಗೆ ನಮ್ಮ ಅಂಗಳದ ಬಳುವಳಿ. ಡಿಗ್ರಿ ಓದುವಾಗ ಕಾಲೇಜಿನವರು ಹಿಮಾಲಯದ ಕಡೆ ಚಾರಣಕ್ಕೆಂದು ಕರೆದುಕೊಂಡು ಹೋದರು. ಹೋದವಳು ಅಲ್ಲಿ ಹಿಮದ ಮೇಲೆ ಕಾಲಿಗೆ ಉದ್ದನೆಯ ಹಲಗೆ ಕಟ್ಟಿಕೊಂಡು ಜಾರುವವರನ್ನು ನೋಡಿದಳು. ಮಾರನೆಯ ವರ್ಷ ತಾನೂ ಜಾರಿದಳು. ಅದರ ಮಾರನೆಯ ವರ್ಷ ಫೋನು ಮಾಡಿ, "ತಾತ, ನಾನು ಸ್ಕೀ ಇನ್‌ಸ್ಟ್ರಕ್ಟರ್ ಆಗ್ತೀನಿ. ಮೊದಲನೇ ಹಂತದ ಪರೀಕ್ಷೆ ಕಟ್ಟಿದೀನಿ" ಎಂದಳು. ನಮ್ಮ ತಾಲ್ಲೂಕಿನಲ್ಲಿ ಹಿಮ ಎನ್ನುವುದು ಇರುವುದು ಬೆಟ್ಟದ ಹೆಸರಿನಲ್ಲಿ ಮಾತ್ರ. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಮೇಲೆ ಬೆಳಿಗ್ಗೆ ಮಂಜು ಕವಿಯುವುದೇನೋ ನಿಜ. ಆದರೆ ಅದರ ಮೇಲೆ ಯಾರೂ ಜಾರಲಾರರು, ಹೆಚ್ಚೆಂದರೆ ಅದರೊಳಗೆ ದಾರಿ ತಪ್ಪಬಹುದು.

ಈ ಸುದ್ದಿಯನ್ನು ನಾನು ಮೊದಲು ಹೇಳಿದ್ದು ಬೇಗೂರಿನ ಮಾದಪ್ಪನಿಗೆ. ಅವನು ನನ್ನ ಜೊತೆ ಮಿಡ್ಲ್ ಸ್ಕೂಲು ಓದಿದವನು, ಅರಿಶಿನದ ವ್ಯಾಪಾರಿ. ವಾರದಲ್ಲಿ ಎರಡು ಮೂರು ಸಲ ಹೈವೇ ಬಸ್ಸು ಹತ್ತಿ ಪೇಟೆಗೆ ಬಂದರೆ ನಮ್ಮ ಜಗಲಿಯಲ್ಲಿ ಕೂತು ಕಾಫಿ ಕುಡಿಯದೆ ಹೋಗುವವನಲ್ಲ. ಊರೆಲ್ಲ ನನ್ನನ್ನು ಮೇಷ್ಟ್ರೇ ಎನ್ನುವಾಗ 'ಲಾ' ಎನ್ನುವ ಹಕ್ಕನ್ನು ಉಳಿಸಿಕೊಂಡಿರುವವನು ಅವನೊಬ್ಬನೇ. ಪೂರ್ತಿ ಕೇಳಿಸಿಕೊಂಡು ಲೋಟ ಕೆಳಗಿಟ್ಟ.

"ಅಲ್ಲ ಕಣ್ಲಾ, ಜಾರಾದ್ನ ಯೋಳ್ಕೊಡಾಕೂ ಒಬ್ಬ ಮೇಷ್ಟ್ರು ಬೇಕಾ? ಮಳೆ ಬಂದ್ರೆ ನಮ್ಮ ಒಲದ ಬದೀಲಿ ನಾನು ಯಾರ್ನೂ ಕೇಳ್ದೆ ಜಾರ್ತೀನಿ. ಒಂದು ಪೈಸಾ ಪೀಜು ಕೊಟ್ಟಿಲ್ಲ."

"ಅದು ಬೀಳೋದು ಕಣಯ್ಯ. ಇದು ಜಾರೋದು. ಎರಡಕ್ಕೂ ವ್ಯತ್ಯಾಸ ಇದೆ."

"ಏನ್ ವ್ಯತ್ಯಾಸ?"

ನನಗೂ ಗೊತ್ತಿರಲಿಲ್ಲ. "ನಿಲ್ಲಿಸೋಕೆ ಬರುತ್ತೆ" ಎಂದೆ. ಆ ಹೊತ್ತಿಗೆ ಬಾಯಿಗೆ ಬಂದ ಮಾತು ಅದು. ಆಮೇಲೆ ನೋಡಿದರೆ ಇಡೀ ವಿದ್ಯೆಯ ತಿರುಳೇ ಅದಾಗಿತ್ತು.

ಚಳಿಗಾಲ ಮುಗಿಯುವ ಹೊತ್ತಿಗೆ ಸಿಂಚನ ವಾಪಸು ಬಂದಳು. ಮುಖ ಬಿಸಿಲಿಗೆ ಸುಟ್ಟು ಕಪ್ಪಾಗಿತ್ತು, ಕನ್ನಡಕ ಹಾಕಿದ್ದ ಜಾಗ ಮಾತ್ರ ಬೆಳ್ಳಗಿತ್ತು. ಹಿಮದಲ್ಲಿ ಬಿಸಿಲು ಹೆಚ್ಚು ಎಂದು ನನಗೆ ಆಗಲೇ ಗೊತ್ತಾದದ್ದು. ಪರೀಕ್ಷೆಯಲ್ಲಿ ಎರಡು ಭಾಗವಂತೆ. ತಾನು ಜಾರಿ ತೋರಿಸುವುದು ಒಂದು, ಏನೂ ಬಾರದವರಿಗೆ ಕಲಿಸುವುದು ಇನ್ನೊಂದು. ಮೊದಲನೆಯದರಲ್ಲಿ ಪಾಸು. ಎರಡನೆಯದರಲ್ಲಿ ಫೇಲು. ನಾನು ತಕ್ಷಣ, "ಪಾಠ ಮಾಡೋದ್ರಲ್ಲಿ ಫೇಲೇ? ನಮ್ಮ ಮನೆತನದಲ್ಲಿ?" ಎಂದೆ.

"ತಾತ, ಅದೇ ತೊಂದ್ರೆ ಆಗಿದ್ದು. ನಾನು ನಿಮ್ಮ ಥರಾನೇ ಪಾಠ ಮಾಡ್ದೆ."

"ಮತ್ತೆ?"

"ಎಲ್ಲರನ್ನೂ ಲೈನಲ್ಲಿ ನಿಲ್ಲಿಸ್ದೆ. ಕೂಗ್ದೆ. ಅವರು ಚೆನ್ನಾಗೇ ನಿಂತ್ರು. ಆದ್ರೆ ಯಾರೂ ಅಲ್ಲಾಡ್ಲಿಲ್ಲ. ಒಬ್ಬರು ಹೆಂಗಸಂತೂ ಅತ್ತೇಬಿಟ್ರು. ಪರೀಕ್ಷೆ ತಗೊಳ್ಳೋರು ಹೇಳಿದ್ರು, 'ಅಪ್ಪಣೆ ಜಾಸ್ತಿ, ಪಾಠ ಕಡಿಮೆ. ಇವರು ನಿಮಗೆ ಹೆದರ್ತಾ ಇದಾರೆ, ಹಿಮಕ್ಕಲ್ಲ' ಅಂತ."

ನನ್ನ ನೌಕರಿಯ ಕಾಲದಲ್ಲಿ ತಪಾಸಣೆಗೆ ಬಂದವರು ಇಂಥ ಮಾತನ್ನು ಹೇಳಿದ್ದರೆ ಅದನ್ನು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುತ್ತಿದ್ದೆ. ಆದರೆ ಹುಡುಗಿಯ ಕಣ್ಣು ತುಂಬಿತ್ತು. ಶಶಿಕಲಾ ಚಾಮರಾಜನಗರದಿಂದ ಬಂದು ತೀರ್ಪು ಕೊಟ್ಟಳು: ಇನ್ನೊಂದೇ ಒಂದು ಸಲ. ಮುಂದಿನ ಚಳಿಗಾಲದಲ್ಲಿ ಆಗದಿದ್ದರೆ ಬಿ.ಎಡ್.ಗೆ ಸೇರಬೇಕು. "ಹೇಗಿದ್ರೂ ಮೇಷ್ಟ್ರೇ ಆಗ್ತೀನಿ ಅಂತೀಯಲ್ಲ, ನೆಲದ ಮೇಲೆ ನಿಂತ್ಕೊಂಡು ಆಗು" ಎಂದಳು. ಮಾತಿನಲ್ಲಿ ತಪ್ಪಿರಲಿಲ್ಲ. ನಾನು ಇನ್ನೇನು ಭೇಷ್ ಎನ್ನುವುದರಲ್ಲಿದ್ದೆ. ಆ ಸಂಜೆ ಮಹಡಿಯ ಮೇಲೆ ಒಣಗಿದ ಬಟ್ಟೆ ತೆಗೆಯುತ್ತಾ ಸಿಂಚನ ತನ್ನಷ್ಟಕ್ಕೆ ಎಂಬಂತೆ ಹೇಳಿದಳು: "ಬೆಳಿಗ್ಗೆ ಎಲ್ಲರಿಗಿಂತ ಮೊದಲು ಮೇಲಿಂದ ಇಳೀತೀವಲ್ಲ ತಾತ, ಆಗ ಸದ್ದೇ ಇರಲ್ಲ. ನನ್ನ ಉಸಿರು ನನಗೆ ಕೇಳ್ಸುತ್ತೆ. ಬೇರೆ ಎಲ್ಲೂ ನನಗೆ ಹಾಗೆ ಅನ್ಸಿಲ್ಲ." ಭೇಷ್ ಎನ್ನುವುದನ್ನು ನಾನು ನುಂಗಿಕೊಂಡೆ. ಮೈದಾನದಲ್ಲಿ ಮಕ್ಕಳು ಬರುವ ಮೊದಲು ಸುಣ್ಣದ ಗೆರೆ ಎಳೆಯುವಾಗ ನನಗೂ ಹೀಗೇ ಅನ್ನಿಸುತ್ತಿತ್ತು. ಆದರೆ ಅದನ್ನು ಯಾರಿಗೂ ಹೇಳುವಂಥ ವಿಷಯ ಎಂದು ತಿಳಿದಿರಲಿಲ್ಲ.

ಅವಳಿಗೆ ಬೇಕಾಗಿದ್ದದ್ದು ಅಭ್ಯಾಸ. ಜಾರುವ ಅಭ್ಯಾಸವಲ್ಲ, ಕಲಿಸುವ ಅಭ್ಯಾಸ. "ಜೊತೆಯವರಿಗೆಲ್ಲ ಸ್ಕೀ ಬರುತ್ತೆ ಅಜ್ಜಿ. ಏನೂ ಬರದೇ ಇರೋರು ಬೇಕು. ಬೀಳ್ತೀನಿ ಅಂತ ಭಯ ಇರೋರು ಬೇಕು. ಹೇಳಿದ ಮಾತು ಸಲೀಸಾಗಿ ಕೇಳದೇ ಇರೋರು ಬೇಕು" ಎಂದು ಅಡಿಗೆಮನೆಯಲ್ಲಿ ಅಜ್ಜಿಯ ಹತ್ತಿರ ಹೇಳಿಕೊಂಡಳು. ಗೌರಮ್ಮ ರೊಟ್ಟಿ ತಟ್ಟುತ್ತಿದ್ದ ಕೈ ನಿಲ್ಲಿಸದೆ, "ಅದಕ್ಕೆ ಮೂರು ಜನ ಯಾಕಮ್ಮ? ಪೇಪರು ಮಡಿಸ್ತಾ ಹಾಲಲ್ಲಿ ಕೂತಿದಾರೆ, ಕರ್ಕೊಂಡೋಗು" ಎಂದಳು.

ಹೀಗೆ ನಾನು ಭರ್ತಿಯಾದೆ. ನಮ್ಮ ಬೀದಿಯ ಕೊನೆಯಲ್ಲಿ ಕಟ್ಟುತ್ತಿದ್ದ ಮನೆಯಿಂದ ಮುರಿದ ಸೆಂಟ್ರಿಂಗ್ ಹಲಗೆ ಕೇಳಿ ತಂದು ಉದ್ದಕ್ಕೆ ಸೀಳಿಸಿ, ಮುಂದಿನ ತುದಿಯನ್ನು ದುಂಡಗೆ ಹೆರೆಸಿ, ಸೈಕಲ್ ಟ್ಯೂಬು ಕತ್ತರಿಸಿ ಕಾಲಿಗೆ ಪಟ್ಟಿ ಮಾಡಿದೆವು. ಕೈಗೆ ಆಸರೆಯ ಕೋಲು ಬೇಕೆಂದಾಗ ನೆಲ ಒರೆಸುವ ಮಾಪಿನ ಕೋಲುಗಳು ಕೆಲಸ ಬದಲಾಯಿಸಿದವು. ಮಹಡಿಯ ಮೇಲೆ ಮೊದಲ ಪಾಠ. ನಾನು ಬಿಳಿ ಪ್ಯಾಂಟು, ಬಿಳಿ ಷರಟು, ಕ್ಯಾನ್ವಾಸ್ ಶೂ ಹಾಕಿ, ಕೊರಳಿಗೆ ವಿಷಲ್ಲು ನೇತುಹಾಕಿ ಹೊತ್ತಿಗೆ ಮೊದಲೇ ಹಾಜರಾದೆ. ಸಿಂಚನ ಮೊದಲು ಮಾಡಿದ ಕೆಲಸ ವಿಷಲ್ಲನ್ನು ತೆಗೆದು ತನ್ನ ಜೇಬಿಗೆ ಹಾಕಿಕೊಂಡದ್ದು. ಎರಡನೆಯದು, ಬಿಸಿಲಿಗೆ ಹಾಕಿದ್ದ ಹಾಸಿಗೆಗಳನ್ನು ಜೋಡಿಸಿ, "ತಾತ, ಮೊದಲನೇ ಪಾಠ ಬೀಳೋದು" ಎಂದದ್ದು.

"ಬೀಳದ ಹಾಗೆ ಹೇಳಿಕೊಡಮ್ಮ. ಬೀಳೋದು ನನಗೇ ಬರುತ್ತೆ."

"ಬರಲ್ಲ ತಾತ. ನೀವು ಬಿದ್ರೆ ಮರ ಬಿದ್ದಂಗೆ ಬೀಳ್ತೀರ. ಪಕ್ಕಕ್ಕೆ, ಮೆತ್ತಗೆ, ಕೂತ್ಕೊಳ್ಳೋ ಹಾಗೆ ಬೀಳ್ಬೇಕು."

ಬಿದ್ದೆ. ಮತ್ತೆ ಬಿದ್ದೆ. ಪಕ್ಕದ ಮನೆಯ ಮಹಡಿಯಲ್ಲಿ ಹಪ್ಪಳ ಒಣಗಿಸುತ್ತಿದ್ದವರು ಒಂದು ಹಪ್ಪಳವನ್ನೂ ತಿರುವಿ ಹಾಕದೆ ನೋಡುತ್ತಾ ನಿಂತರು. ಸಿಂಚನಳ ವಿದ್ಯೆಯಲ್ಲಿ ಒಂದು ನಿಯಮವಿದೆ. ಶಿಷ್ಯನ ತಪ್ಪನ್ನು ಹೇಳುವ ಮೊದಲು ಅವನು ಮಾಡಿದ ಒಂದು ಒಳ್ಳೆಯದನ್ನು ಹೇಳಬೇಕು. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ ಬಹಳ ಹೊತ್ತು ಹುಡುಕಿದಳು. ಕೊನೆಗೆ, "ತಾತ, ನಿಮ್ಮ ಬಟ್ಟೆ ತುಂಬ ನೀಟಾಗಿದೆ" ಎಂದಳು.

ಈ ನಿಯಮ ನನಗೆ ಹಿಡಿಸಿತು. ಒಳ್ಳೆಯ ನಿಯಮವನ್ನು ಒಂದೇ ವಿಷಯಕ್ಕೆ ಕಟ್ಟಿಹಾಕಬಾರದು ಎಂದು ಮಾರನೆಯ ಬೆಳಿಗ್ಗೆ ಮನೆಯಲ್ಲೂ ಜಾರಿಗೆ ತಂದೆ. "ಗೌರ, ತಟ್ಟೆ ಬಹಳ ಚೆನ್ನಾಗಿ ತೊಳೆದಿದ್ದೀಯ. ಉಪ್ಪಿಟ್ಟಿಗೆ ಉಪ್ಪು ಸ್ವಲ್ಪ ಹೆಚ್ಚಾಗಿದೆ." ಗೌರಮ್ಮ, "ಹಾಗಾದ್ರೆ ನಾಳೆಯಿಂದ ತಟ್ಟೆನೇ ತಿನ್ನಿ" ಎಂದು ಉಪ್ಪಿಟ್ಟನ್ನು ಒಳಗೆ ತೆಗೆದುಕೊಂಡು ಹೋದಳು. ಆ ನಿಯಮ ಹಿಮದ ಮೇಲೆ ಮಾತ್ರ ನಡೆಯುತ್ತದೆ ಎಂದು ಕಾಣುತ್ತದೆ.

ಬೀಳುವುದು, ಏಳುವುದು, ಹಲಗೆ ಕಟ್ಟಿಕೊಂಡು ಬಾತುಕೋಳಿಯ ಹಾಗೆ ನಡೆಯುವುದು ಎಲ್ಲ ಆಯಿತು. ಉಳಿದದ್ದು ನಿಲ್ಲಿಸುವುದು. ಅಲ್ಲಿಗೆ ನಮ್ಮ ಗಾಡಿ ನಿಂತೇಬಿಟ್ಟಿತು. ಹಿಮದ ಇಳಿಜಾರಿನಲ್ಲಿ ವೇಗ ತಗ್ಗಿಸಬೇಕಾದರೆ ಎರಡು ಹಲಗೆಗಳ ಮುಂದಿನ ತುದಿಗಳನ್ನು ಹತ್ತಿರ ತಂದು ಹಿಂದಿನ ತುದಿಗಳನ್ನು ದೂರ ತಳ್ಳಬೇಕು. ಎಂದರೆ ಹೆಬ್ಬೆರಳು ಒಳಗೆ, ಹಿಮ್ಮಡಿ ಹೊರಗೆ. ಓದುಗರಲ್ಲಿ ಶಾಲೆಯ ಮೈದಾನದಲ್ಲಿ ನಿಂತವರಿಗೆಲ್ಲ ನೆನಪಿರಬಹುದು, 'ಸಾವಧಾನ್' ಎಂದು ಮೇಷ್ಟ್ರು ಕೂಗಿದಾಗ ನಿಲ್ಲುತ್ತಿದ್ದದ್ದು ಹಿಮ್ಮಡಿ ಕೂಡಿಸಿ, ಹೆಬ್ಬೆರಳು ಬಿಡಿಸಿ. ನೇರಾನೇರ ತಲೆಕೆಳಗು. ನನ್ನ ಪಾದಗಳು ನೌಕರಿಯುದ್ದಕ್ಕೂ ಆ ಒಂದೇ ಪಾಠವನ್ನು ಕಲಿತು, ಕಲಿಸಿ, ಅದರಲ್ಲೇ ನಿವೃತ್ತವಾದವು. ಈಗ ಅವುಗಳಿಗೆ ಮೂತಿ ಕೂಡಿಸಿ ಎಂದರೆ ಜಗಳವಾಡಿಕೊಂಡ ಸೊಸೆಯಂದಿರ ಹಾಗೆ ಮುಖ ತಿರುಗಿಸಿಕೊಂಡು ನಿಲ್ಲುತ್ತಿದ್ದವು.

ಸಿಂಚನ ಹೊಸ ಹೊಸ ಮಾತು ಹುಡುಕಿದಳು. "ಅಲ್ಲಿ ಮಕ್ಕಳಿಗೆ ಪಿಜ್ಜಾ ಮಾಡಿ ಅಂತ ಹೇಳ್ತೀವಿ ತಾತ. ಪಿಜ್ಜಾ ತುಂಡಿನ ಥರ ಮುಂದೆ ಚೂಪು, ಹಿಂದೆ ಅಗಲ." ನಾನು ಪಿಜ್ಜಾ ತಿಂದವನಲ್ಲ. "ಸಮೋಸ ಅನ್ನು" ಎಂದಳು ಗೌರಮ್ಮ. ಸಮೋಸಕ್ಕೆ ಮೂರು ಮೂಲೆ ಇರುವುದರಿಂದ ಯಾವ ಮೂಲೆ ಮುಂದೆ ಎಂದು ನಾನು ಕೇಳಿದೆ. ಮಾದಪ್ಪ ಅಂದು ಅಲ್ಲೇ ಇದ್ದ. "ಎತ್ತಿನ ಗಾಡಿ ಮುಂದ್ಗಡೆ ಎಂಗೆ ಚೂಪಾಯ್ತದೆ ನೋಡು, ಅಂಗೆ ಮಾಡ್ಲಾ" ಎಂದ. ಅರ್ಥವೇನೋ ಆಯಿತು, ಆದರೆ ಅರ್ಥವಾದದ್ದು ತಲೆಗೆ, ಪಾದಗಳು ಬಹಳ ಕೆಳಗಿದ್ದವು. ಸಿಂಚನ ಒಂದು ಮಾತನ್ನೂ ಗದರಿ ಆಡಲಿಲ್ಲ. ತುಟಿ ಕಚ್ಚಿಕೊಂಡು ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದಳು. ಆದರೆ ಕೆಳಗಿಳಿದ ಮೇಲೆ ಅಜ್ಜಿಯ ಹತ್ತಿರ, "ಒಬ್ಬರಿಗೆ ನಿಲ್ಲಿಸೋದು ಹೇಳಿಕೊಡೋಕೆ ಬರ್ಲಿಲ್ಲ ಅಂದ್ರೆ ನಾನು ಅಲ್ಲಿಗೆ ಏನಂತ ಹೋಗ್ಲಿ ಅಜ್ಜಿ? ಅಮ್ಮ ಹೇಳಿದ್ದೇ ಸರಿ" ಎಂದದ್ದು ನನ್ನ ಕಿವಿಗೆ ಬಿತ್ತು. ಆ ಮಾತು ಕೇಳಿ ನಾನು ಹಾಲಿನಲ್ಲಿ ಒಬ್ಬನೇ ನಿಂತು ಪಾದ ಕೂಡಿಸಲು ನೋಡಿದೆ. ಬಗ್ಗಿ ಕೈಯಿಂದಲೇ ತಿರುಗಿಸಿದೆ. ಬಿಟ್ಟ ತಕ್ಷಣ ಅವು ಮತ್ತೆ ತಮ್ಮ ಹಳೆಯ ಜಾಗಕ್ಕೆ ಹೋದವು.

"ಸಮತಟ್ಟು ನೆಲದ ಮೇಲೆ ಆಗಲ್ಲ. ಇಳಿಜಾರು ಬೇಕು" ಎಂದಳು ಸಿಂಚನ. ಇಳಿಜಾರು ಒದಗಿಸಿದವನು ಮಾದಪ್ಪ. ಅವನ ಬೀಗರದು ಕುದೇರಿನ ಹತ್ತಿರ ಒಂದು ಅಕ್ಕಿ ಗಿರಣಿ. ಗಿರಣಿಯ ಹಿಂದೆ ಭತ್ತದ ಹೊಟ್ಟಿನ ಗುಡ್ಡ. ಟ್ರಾಕ್ಟರು ಹತ್ತಿ ಇಳಿದು ಒಂದು ಕಡೆ ಗಟ್ಟಿಯಾಗಿ ಉದ್ದನೆಯ ಇಳಿಜಾರು ಬಿದ್ದಿತ್ತು. ನಾವು ಹೋಗಿ ನೋಡಿದಾಗ ಬೆಳಗಿನ ಬಿಸಿಲಿನಲ್ಲಿ ಅದು ಚಿನ್ನದ ಬಣ್ಣಕ್ಕೆ ಹೊಳೆಯುತ್ತಿತ್ತು. ಸಿಂಚನ ಒಂದು ಹಿಡಿ ಹೊಟ್ಟು ಎತ್ತಿ ಬೆರಳ ಸಂದಿಯಿಂದ ಉದುರಿಸಿ, "ಪರವಾಗಿಲ್ಲ, ಜಾರುತ್ತೆ" ಎಂದು ಹಲಗೆಯ ತಳಕ್ಕೆ ಮೇಣದ ಬತ್ತಿ ಉಜ್ಜತೊಡಗಿದಳು. ಶಶಿಕಲಾ ಚಾಮರಾಜನಗರದಿಂದ ಹತ್ತಿರವೇ ಎಂದು ಬಂದಿದ್ದಳು; ಅಪ್ಪನ ಮೂಳೆಗಳ ಮೇಲೆ ಒಂದು ಕಣ್ಣಿಡಲು, ಬಿ.ಎಡ್. ವಿಚಾರ ಮತ್ತೊಮ್ಮೆ ಎತ್ತಲು. ಗೌರಮ್ಮ ಕೆಳಗೆ ಕೊಡೆ ಹಿಡಿದು ನಿಂತಳು. ಮಾದಪ್ಪ ಹೊಟ್ಟಿನ ಮೂಟೆಯ ಮೇಲೆ ಕೂತು, "ಮೇಷ್ಟ್ರು ಇಳ್ಯಾದು ನೋಡಾಕೆ ಗಿರಣಿನೇ ನಿಲ್ಸ್‌ಬುಟ್ಟವ್ರೆ ಕಣಮ್ಮಿ, ಬೇಗ ಇಳಿಸು" ಎಂದು ಸಿಂಚನಳಿಗೆ ಕೂಗಿ ಹೇಳಿದ. ನಿಜವೇ. ಗಿರಣಿಯಲ್ಲಿದ್ದವರೆಲ್ಲ ಬಾಗಿಲಿಗೆ ಬಂದಿದ್ದರು.

ಮೇಲೆ ನಿಂತಾಗ ಆ ಗುಡ್ಡ ಕೆಳಗಿನಿಂದ ಕಂಡದ್ದಕ್ಕಿಂತ ಎತ್ತರವಾಗಿತ್ತು. ಸಿಂಚನ ನನ್ನ ಮುಂದೆ ಹಿಮ್ಮುಖವಾಗಿ ಇಳಿಯುತ್ತಾ, ಎರಡು ಕೈ ಚಾಚಿ, "ಬನ್ನಿ ತಾತ. ಮೊಣಕಾಲು ಬಗ್ಗಿಸಿ. ನನ್ನ ಮುಖ ನೋಡಿ. ಹೆಬ್ಬೆರಳು ಒಳಗೆ" ಎಂದು ಮೆಲ್ಲಗೆ ಹೇಳಿದಳು. ನಾನು ಹೊರಟೆ. ಹೊರಟ ಮೇಲೆ ತಿಳಿಯಿತು, ಹೊರಡುವುದು ನಮ್ಮ ಕೈಯಲ್ಲಿರುವ ಕೊನೆಯ ಕೆಲಸ. ಗಾಳಿ ಕಿವಿಗೆ ತಾಗಿತು. ಆಶ್ಚರ್ಯವೆಂದರೆ ಪಾದಗಳು ಇಷ್ಟಿಷ್ಟೇ ಒಳಗೆ ತಿರುಗತೊಡಗಿದವು. ಸಿಂಚನಳ ಮುಖ ಅರಳಿತು. ಇನ್ನೇನು ಆಗಿಯೇಹೋಯಿತು ಎನ್ನುವಾಗ, ಕೆಳಗೆ ನಿಂತ ಗೌರಮ್ಮನಿಗೆ ಗಂಡ ತನ್ನ ಕಡೆಗೇ ಬರುತ್ತಿರುವುದನ್ನು ನೋಡಿ ಎದೆ ಹಾರಿತು. ಆಕೆ ಹಳೆಯ ಕಾಲದ ಹೆಂಗಸು, ಪುರಾಣ ಕೇಳಿ ಬೆಳೆದವಳು. ಎಲ್ಲರ ಹಾಗೆ "ನಿಧಾನ" ಎನ್ನಲಿಲ್ಲ. ಕೊಡೆ ಎತ್ತಿ, ಇದ್ದ ಶಕ್ತಿಯನ್ನೆಲ್ಲ ಒಟ್ಟುಮಾಡಿ ಕೂಗಿದಳು:

"ಸಾವಧಾನ!"

ಆಮೇಲೆ ನಡೆದದ್ದರಲ್ಲಿ ನನ್ನ ಪಾತ್ರವೇನೂ ಇಲ್ಲ. ಹಿಮ್ಮಡಿಗಳು ಟಪ್ಪೆಂದು ಕೂಡಿಕೊಂಡವು. ಹೆಬ್ಬೆರಳುಗಳು ದೂರವಾದವು. ಎದೆ ಮುಂದೆ ಬಂತು, ಗದ್ದ ಮೇಲೆ ಹೋಯಿತು, ಕೈಗಳು ಮಾಪಿನ ಕೋಲುಗಳನ್ನು ಎಸೆದು ತೊಡೆಗೆ ಅಂಟಿಕೊಂಡವು. ಎಡ ಹಲಗೆ ಚಾಮರಾಜನಗರದ ದಿಕ್ಕಿಗೂ ಬಲ ಹಲಗೆ ಗುಂಡ್ಲುಪೇಟೆಯ ದಿಕ್ಕಿಗೂ ಹೊರಟವು. ಎರಡೂ ಊರುಗಳನ್ನು ಒಟ್ಟಿಗೆ ತಲುಪಲಾಗದೆ ನಾನು ನಡುವೆ, ಕುದೇರಿನ ಹೊಟ್ಟಿನಲ್ಲಿ, ಕತ್ತಿನ ತನಕ ಹೂತುಹೋದೆ. ಅಲ್ಲೂ ಗದ್ದ ಮೇಲೆಯೇ ಇತ್ತು ಎಂದು ಆಮೇಲೆ ಹೇಳಿದರು.

"ಅಯ್ಯೋ ನನ್ ಶಿವನೇ, ಹುಷಾರು ಅಂತ ಹೇಳಿದ್ನಲ್ರೀ!" ಎಂದು ಗೌರಮ್ಮ ಓಡಿ ಬಂದಳು.

"ಉಷಾರು ಅಂತ ಯೋಳ್ಲಿಲ್ಲ ಕಣಕ್ಕ, ನೀನು ಆರ್ಡ್ರು ಕೊಟ್ಬುಟ್ಟೆ" ಎಂದ ಮಾದಪ್ಪ. ಅವನು ಮೂಟೆಯಿಂದ ಕೆಳಗೆ ಬಿದ್ದು ಅಲ್ಲೇ ಹೊಟ್ಟೆ ಹಿಡಿದುಕೊಂಡಿದ್ದ. ಶಶಿಕಲಾ, "ಸಾಕು ಬಿಡು ಸಿಂಚು, ಇದೆಲ್ಲ ಆಗೋ ಹೋಗೋ ಕೆಲಸ ಅಲ್ಲ. ಮುದುಕರನ್ನ ಸಾಯಿಸ್ಬೇಡ" ಎಂದಳು. ನಾನು ಬಾಯಿಯಿಂದ ಹೊಟ್ಟು ಉಗುಳಿ, ಯಾವ ಮುದುಕ ಎಂದು ಕೇಳುವಷ್ಟರಲ್ಲಿ ಸಿಂಚನಳನ್ನು ನೋಡಿದೆ. ಅವಳು ಇಳಿಜಾರಿನ ನಡುವೆ ಕೂತು ನಗುತ್ತಿದ್ದಳು, ಕಣ್ಣಲ್ಲಿ ನೀರು ಬರುವಷ್ಟು. ಇದ್ದಕ್ಕಿದ್ದಂತೆ ನಗು ನಿಂತಿತು. ಏನನ್ನೋ ಕಂಡವಳ ಹಾಗೆ ನನ್ನ ಕಾಲುಗಳನ್ನೇ ನೋಡಿದಳು.

"ತಾತ, ಶಾಲೇಲಿ ಯಾರಾದ್ರೂ ಸಾವಧಾನ್‌ನಲ್ಲಿ ತಪ್ಪಾಗಿ ನಿಂತ್ರೆ ಏನ್ ಮಾಡ್ತಿದ್ರಿ?"

"ಇಡೀ ಲೈನಿಗೆ ನಾನೇ ಅಣಕಿಸಿ ತೋರಿಸ್ತಿದ್ದೆ. 'ಹೀಗೆ ನಿಲ್ಲಬಾರದು' ಅಂತ."

"ಅದನ್ನ ಮಾಡಿ ತೋರ್ಸಿ."

ಅದರಲ್ಲೇನಿದೆ! ಅದು ನನ್ನ ಹೆಸರುವಾಸಿ ಐಟಂ. ಎದ್ದು, ಮೈ ಕೊಡವಿಕೊಂಡು, ಭುಜ ಇಳಿಬಿಟ್ಟು, ಮೊಣಕಾಲು ಬಗ್ಗಿಸಿ, ಹೆಬ್ಬೆರಳುಗಳನ್ನು ಮುದ್ದಾಗಿ ಕೂಡಿಸಿ, ಹಿಮ್ಮಡಿಗಳನ್ನು ಅಗಲಿಸಿ ನಿಂತೆ. ನಿಂತು ಕೆಳಗೆ ನೋಡಿದೆ. ಇಷ್ಟು ದಿನ ಪಿಜ್ಜಾ, ಸಮೋಸ, ಎತ್ತಿನ ಗಾಡಿ ಯಾವುದಕ್ಕೂ ಬಗ್ಗದ ಪಾದಗಳು ತಾವಾಗಿಯೇ ಆ ಆಕಾರಕ್ಕೆ ಬಂದು ನಿಂತಿದ್ದವು. ಸರಿಯಾಗಿ ನಿಲ್ಲುವುದನ್ನು ಎಷ್ಟು ಸಲ ತೋರಿಸಿದ್ದೆನೋ ತಪ್ಪಾಗಿ ನಿಲ್ಲುವುದನ್ನೂ ಅಷ್ಟೇ ಸಲ ತೋರಿಸಿದ್ದೆ. ನಾನು ಪಳಗಿದ್ದು ಎರಡರಲ್ಲೂ.

"ಅಷ್ಟೇ ತಾತ! ಉಲ್ಟಾ ಸಾವಧಾನ್! ಅಷ್ಟೇ!" ಎಂದು ಸಿಂಚನ ಕಿರುಚಿದಳು.

ಮತ್ತೆ ಮೇಲೆ ಹತ್ತಿಸಿದಳು. ಮುಂದೆ ನಿಂತು, "ಉಲ್ಟಾ ಸಾವಧಾನ್!" ಎಂದಳು. ಗೌರಮ್ಮನ ಬಾಯಿಗೆ ಶಶಿಕಲಾ ಸೆರಗು ಹಿಡಿದಿದ್ದಳು. ನಾನು ಇಳಿದೆ, ಮೆರವಣಿಗೆಯ ಆನೆಯ ಗತಿಯಲ್ಲಿ, ಗಂಭೀರವಾಗಿ, ಹೊಟ್ಟನ್ನು ಎರಡು ಕಡೆಗೂ ತಳ್ಳುತ್ತಾ ಇಳಿದು, ಗೌರಮ್ಮನ ಕೊಡೆಯ ಮುಂದೆ ನಿಂತೆ. ನಿಂತೆ ಎನ್ನುವುದನ್ನು ಓದುಗರು ಗಮನಿಸಬೇಕು. ಗಿರಣಿಯವರು ಚಪ್ಪಾಳೆ ಹೊಡೆದರು. ಶಶಿಕಲಾ ಅವತ್ತು ಬಿ.ಎಡ್. ಮಾತು ಎತ್ತಲಿಲ್ಲ. ಆಮೇಲೆ ನನ್ನ ಮೈಯೆಲ್ಲ ಹೊಟ್ಟಿನ ತುರಿಕೆ ಹತ್ತಿ, ಮಹಡಿಯ ಮೇಲೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ನಿಲ್ಲಬೇಕಾಯಿತು. ಅಂಥ ಹೊತ್ತಿನಲ್ಲಿ ಸಾವಧಾನವಾಗಿ ನಿಲ್ಲುವುದು ಯಾವ ಅರ್ಥದಲ್ಲೂ ಸಾಧ್ಯವಿಲ್ಲ.

ಚಳಿಗಾಲ ಬಂತು, ಸಿಂಚನ ಹೋದಳು. ಪರೀಕ್ಷೆಯ ದಿನ ನಾನು ಪೇಪರನ್ನು ಮಡಿಸಲು ಮರೆತೆ. ಗೌರಮ್ಮ ಇದನ್ನು ಫೋನಿನಲ್ಲಿ ಶಶಿಕಲಾಳಿಗೆ ತಿಳಿಸಿದಳು, ಮನೆಯಲ್ಲಿ ಯಾರಿಗೋ ಜ್ವರ ಬಂದ ಧ್ವನಿಯಲ್ಲಿ. ಸಂಜೆ ಮಾದಪ್ಪನೂ ಬಂದು, ಬಸ್ಸಿಗೆ ಹೊತ್ತಾದರೂ ಏಳದೆ, ಅರಿಶಿನದ ಧಾರಣೆಯನ್ನೇ ಮೂರು ಸಲ ಹೇಳಿದ. ಕೊನೆಗೆ ಫೋನು ಬಂತು. ಅವಳ ಧ್ವನಿಗಿಂತ ಮೊದಲು ಗಾಳಿಯ ಸದ್ದು ಬಂತು, ಆಮೇಲೆ ಯಾರದೋ ನಗು.

"ತಾತ, ಪಾಸು!"

ಗೌರಮ್ಮ ದೇವರ ಮನೆಗೆ ಓಡಿದಳು. ಮಾದಪ್ಪ, "ಅಂಗಾರೆ ನಾನು ಇನ್ ಓಯ್ತೀನಿ" ಎಂದವನು ಮತ್ತೆ ಕೂತ. ಸಿಂಚನ ಒಂದೇ ಉಸಿರಿನಲ್ಲಿ ಹೇಳಿದಳು. ಅವಳಿಗೆ ಕಲಿಸಲು ಕೊಟ್ಟ ಗುಂಪಿನಲ್ಲಿ ಒಬ್ಬೊಬ್ಬರು ಒಂದೊಂದು ರಾಜ್ಯದವರು. ಒಬ್ಬ ದಪ್ಪನೆಯ ಮನುಷ್ಯ ಹೆದರಿ ಬೇಲಿಯ ಗೂಟ ಹಿಡಿದವನು ಬಿಡುತ್ತಿರಲಿಲ್ಲವಂತೆ. ಇವಳು ಪಿಜ್ಜಾ ಗಿಜ್ಜಾ ಎನ್ನಲಿಲ್ಲ. "ಶಾಲೆಯಲ್ಲಿ ಎಲ್ಲರೂ ಸಾವಧಾನ್ ನಿಂತಿದ್ದೀರಲ್ಲ? ನಿಂತು ತೋರಿಸಿ" ಎಂದಳು. ಎಲ್ಲರೂ ನಿಂತರು. "ಈಗ ಡ್ರಿಲ್ ಮೇಷ್ಟ್ರು ನೋಡಿದರೆ ಎದೆ ಒಡೆದುಕೊಳ್ಳಬೇಕು, ಹಾಗೆ ನಿಲ್ಲಿ. ಉಲ್ಟಾ ಸಾವಧಾನ್!" ಇಡೀ ಗುಂಪು ಗೊಳ್ಳೆಂದು ನಕ್ಕಿತಂತೆ. ದಪ್ಪನೆಯ ಮನುಷ್ಯ ನಗುತ್ತಾ ನಗುತ್ತಾ ಗೂಟ ಬಿಟ್ಟದ್ದೇ ಅವನಿಗೆ ತಿಳಿಯಲಿಲ್ಲವಂತೆ. ನಮ್ಮ ದೇಶದ ಡ್ರಿಲ್ ಮೇಷ್ಟ್ರುಗಳೆಲ್ಲ ಸೇರಿ ಇಷ್ಟೊಂದು ಜನರನ್ನು ಒಂದು ಮಾಡಿದ್ದೇವೆ ಎಂದು ನನಗೆ ಹೆಮ್ಮೆಯಾಯಿತು. ಯಾವ ಕೆಲಸಕ್ಕೆ ಎಂಬುದು ಬೇರೆ ಮಾತು.

"ಪರೀಕ್ಷೆಯವರು ಕೇಳಿದ್ರು ತಾತ, ಈ ವಿಧಾನ ಎಲ್ಲಿ ಕಲಿತ್ರಿ ಅಂತ."

ನಾನು ಬೆನ್ನು ನೆಟ್ಟಗೆ ಮಾಡಿ, ಮಾದಪ್ಪನಿಗೂ ಕೇಳಲಿ ಎಂದು ಫೋನಿನ ಸದ್ದು ಜೋರು ಮಾಡಿದೆ. "ಏನಂದೆ?"

"ನನ್ನ ಸ್ಟೂಡೆಂಟ್ ಒಬ್ಬರಿದ್ದಾರೆ, ಅವರು ಬಿದ್ದಾಗ ಕಲಿತೆ ಅಂದೆ."

ಮಾದಪ್ಪ ಸಂತೋಷದಿಂದ ತೊಡೆ ತಟ್ಟಿಕೊಂಡ. ಕೊನೆಯ ಬಸ್ಸು ತಪ್ಪಿದ್ದರಿಂದ ನಮ್ಮಲ್ಲೇ ಊಟ ಮಾಡಿ ಮಲಗಿದ, ನಿದ್ದೆ ಹತ್ತುವ ತನಕ ಆಗಾಗ "ಇಸ್ಟೂಡೆಂಟು!" ಎನ್ನುತ್ತಿದ್ದ.

ಸಿಂಚನಳಿಗೆ ಅಲ್ಲೇ ಈ ಋತುವಿಗೆ ಸಹಾಯಕ ಇನ್‌ಸ್ಟ್ರಕ್ಟರ್ ಕೆಲಸ ಸಿಕ್ಕಿತು. ಮುಂದಿನ ಚಳಿಗಾಲಕ್ಕೆ ನಾನು ಅಲ್ಲಿಗೆ ಬರಬೇಕು, ನಿಜವಾದ ಹಿಮದ ಮೇಲೆ ಇಳಿಯಬೇಕು ಎಂದು ಅಪ್ಪಣೆಯಾಗಿದೆ. ಅದಕ್ಕೆ ತೊಡೆ ಗಟ್ಟಿಯಾಗಬೇಕಂತೆ. ಬೆನ್ನನ್ನು ಗೋಡೆಗೆ ಆನಿಸಿ, ಕೈ ಮುಂದೆ ಚಾಚಿ, ಇಲ್ಲದ ಕುರ್ಚಿಯ ಮೇಲೆ ಇದ್ದಂತೆ ಕೂರಬೇಕು. ಹೋಂವರ್ಕು. ವಿಡಿಯೋ ಕಾಲಿನಲ್ಲಿ ತಪಾಸಣೆ. ಮೊನ್ನೆ ಬೆಳಿಗ್ಗೆ ಗೌರಮ್ಮ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿಟ್ಟು ಅಡಿಗೆಮನೆಗೆ ಹೋಗಿದ್ದಳು. ನಾನು ಹಾಲಿನ ಗೋಡೆಗೆ ಆನಿಕೊಂಡು, ತೊಡೆ ನಡುಗುತ್ತಾ, ಬೆವರುತ್ತಾ ಕೂತಿದ್ದೆ. ತೆರೆದ ಬಾಗಿಲಲ್ಲಿ ನನ್ನ ಹಳೆಯ ಶಿಷ್ಯ ನಾಗೇಂದ್ರ ಮಗಳ ಮದುವೆಯ ಆಹ್ವಾನ ಪತ್ರಿಕೆ ಹಿಡಿದು ನಿಂತಿದ್ದ. ಉಮ್ಮತ್ತೂರಿನವನು, ತಲೆ ಅರ್ಧ ನರೆತಿದೆ. ತಡವಾಗಿ ಬಂದ ತಪ್ಪಿಗೆ ಮೈದಾನದ ಗೋಡೆಗೆ ಇದೇ ಕುರ್ಚಿಯಲ್ಲಿ ಅವನು ಬಹಳ ಸಲ ಕೂತವನು. ಕಣ್ಣು ಬಾಯಿ ಬಿಟ್ಟುಕೊಂಡು ನೋಡಿದ. ಅಭ್ಯಾಸ ಬಲದಿಂದ ಚಪ್ಪಲಿ ಜೋಡಿಸಿ ಬಿಟ್ಟು, ತುದಿಗಾಲಲ್ಲಿ ಹತ್ತಿರ ಬಂದು, ಪಿಸುಮಾತಿನಲ್ಲಿ ಕೇಳಿದ:

"ಸಾರ್... ನಿಮಗೆ ಯಾರು ಸಾರ್ ಪನಿಷ್‌ಮೆಂಟು ಕೊಟ್ಟಿದ್ದು?"

"ನಮ್ಮ ಮಿಸ್ಸು ಕಣಯ್ಯ" ಎಂದೆ. "ಸ್ವಲ್ಪ ಆ ಕಡೆ ಸರಿದು ನಿಂತ್ಕೋ, ಫೋನಿಗೆ ಅಡ್ಡ ಬರ್ತಿದ್ದೀಯ. ಅವರು ಇನ್ನೂ ಏಳು ಅಂದಿಲ್ಲ."